ಭಂಡಾರಕ್ಕೆ ಮೊದಲು ಯಾರ ಕೈ

ಅವರ ಹುಬ್ಬುಗಳು ಯಾವಾಗ ನೋಡಿದರೂ ಬೆಳ್ಳಗಿರುತ್ತಿದ್ದವು. ವಯಸ್ಸಿಗಲ್ಲ, ಹಿಟ್ಟಿಗೆ. ಹುಬ್ಬು, ರೆಪ್ಪೆ, ಕಿವಿಯ ಮಡಿಕೆ, ಕೊರಳಿನ ಸುಕ್ಕು, ಎಲ್ಲೆಲ್ಲೂ ಜೋಳದ ಹಿಟ್ಟು ತೆಳ್ಳಗೆ ಕೂತಿರುತ್ತಿತ್ತು. ಮುಖ ತೊಳೆದು ಬಂದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬಿಳಿ. ಬಲಗೈಯನ್ನು ಗಿರಣಿಯ ಬಾಯಿಗೆ ಒಡ್ಡಿ, ಬೀಳುವ ಹಿಟ್ಟಿನ ಬಿಸಿ ನೋಡುತ್ತ ನಿಂತಿರುತ್ತಿದ್ದರು. ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ ಜೋಳದ ಬುಟ್ಟಿ ಹೊತ್ತು ಹೋದಾಗ, ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಬೆಳ್ಳಗಿದ್ದ ಆ ಮುಖ ಕಂಡು ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

"ಅಂಜಬ್ಯಾಡ ತಂಗಿ, ದೆವ್ವ ಅಲ್ಲ. ಇನ್ನೂ ಜೀವ ಐತಿ," ಎಂದರು.

ಊರವರಿಗೆ ಅವರು ಗಿರಣಿ ಅವ್ವ. ನಮ್ಮ ಮನೆಗೂ ಗಿರಣಿಗೂ ಒಂದೇ ಗೋಡೆ, ನನ್ನ ಅತ್ತೆಗೂ ಅವರಿಗೂ ಅಕ್ಕತಂಗಿಯರಂಥ ಬಳಕೆ. ಹೀಗಾಗಿ ನನಗೆ ಗಿರಣಿ ಅತ್ತಿ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು.

ನಮ್ಮೂರು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆ ಬಿಟ್ಟು ಒಳಗಿದೆ. ಊರಿಗೂ ಆ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದನ್ನು ಹಳ್ಳ ಎನ್ನಲೂ ನಾಚಿಕೆಯಾಗಬೇಕು, ಎಮ್ಮೆ ಹೊರಳುವಷ್ಟು ಕೆಸರು. ಮಳೆಗಾಲದಲ್ಲಿ ಮಾತ್ರ ಬೇರೆ ಮಾತು. ಮೇಲೆಲ್ಲೋ ಮಳೆಯಾದರೂ ಸಾಕು, ಇಲ್ಲಿ ಬಿಸಿಲು ಸುಡುತ್ತಿರುವಾಗಲೇ ನೀರು ಗುಡುಗುತ್ತ ಬರುತ್ತಿತ್ತು. ಆಮೇಲೆ ಬಸ್ಸಿಲ್ಲ, ಮಾಸ್ತರರಿಲ್ಲ, ನರ್ಸಬಾಯಿ ಇಲ್ಲ. ಸರಕಾರವೆಲ್ಲ ಆಚೆ ದಂಡೆ, ನಾವೆಲ್ಲ ಈಚೆ.

ಗಿರಣಿ ತಿರುಗುತ್ತಿದ್ದರೆ ಅತ್ತಿ ಬಾಯಿ ಬಿಡುತ್ತಿರಲಿಲ್ಲ. ಕರೆಂಟು ಹೋದರೆ ಬಾಯಿ ಮುಚ್ಚುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನ ವರ್ಷಗಳವು, ಕರೆಂಟಿಗೆ ಹೋಗುವುದೇ ಕೆಲಸ. ಬುಟ್ಟಿ ಮುಂದಿಟ್ಟುಕೊಂಡು ಹೆಂಗಸರು ಗೋಡೆಗೆ ಒರಗಿ ಕೂತರೆ, ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಶುರು ಮಾಡುತ್ತಿದ್ದರು.

"ಹೇಳ್ರಿ. ಒಂದ ದಿನ ಸರಕಾರ ನಿಮ್ಮ ಕೈಯಾಗ ಕೊಟ್ರ ಏನ ಮಾಡ್ತೀರಿ?"

ಹೊರಗಿನವರಿಗೆ ಇದು ಹೊತ್ತು ಕಳೆಯುವ ಆಟದಂತೆ ಕಾಣಬೇಕು. ಆದರೆ ಅತ್ತಿ ಯಾರನ್ನೂ ಬಿಡುತ್ತಿರಲಿಲ್ಲ. ಒಬ್ಬಳು ಸೆರೆ ಅಂಗಡಿ ಮುಚ್ಚಿಸುತ್ತೇನೆ ಎಂದಳು. ಮುಚ್ಚಿಸಿದರೆ ನಿನ್ನ ಗಂಡ ಪಕ್ಕದೂರಿಗೆ ಹೋಗಿ ಕುಡಿಯುತ್ತಾನೆ, ಬರುವಾಗ ಗಟಾರಿನಲ್ಲಿ ಬೀಳುತ್ತಾನೆ, ಅದಕ್ಕೇನು ಮಾಡುತ್ತೀ ಎಂದು ಅತ್ತಿ ಕೇಳಿದರು. ಇನ್ನೊಬ್ಬಳು ತಹಶೀಲ್ದಾರರನ್ನು ಒಂದು ದಿನ ರೇಶನ್ ಅಂಗಡಿ ಪಾಳಿಯಲ್ಲಿ ನಿಲ್ಲಿಸುತ್ತೇನೆ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಲ್ಲಿಲ್ಲದ ಒಬ್ಬ ಮುದುಕಿ, "ಸರಕಾರಕ್ಕ ನಮ್ಮ ಹೆಸರ ಗೊತ್ತಿರಬೇಕ್ ನೋಡ. ಬರೇ ಓಟಿನ ಹೊತ್ತಿಗಲ್ಲ," ಎಂದಿತು. ಆಗ ಮಾತ್ರ ಯಾರೂ ನಗಲಿಲ್ಲ.

ನನ್ನ ಸರದಿ ಬಂತು. ನಾನು ಕಿತ್ತೂರಿನವಳು, ಧಾರವಾಡದಲ್ಲಿ ಬಿ.ಎ. ಮಾಡಿದವಳು ಎಂಬ ಗತ್ತು ಇನ್ನೂ ಇಳಿದಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಪ್ರತಿಯೊಬ್ಬ ಮಹಿಳೆಗೂ ಶಿಕ್ಷಣ ಸಿಗುವಂತೆ ಮಾಡುತ್ತೇನೆ ಎಂದೆ.

"ಅದನ್ನ ಪೇಪರಿನವರು ಬರಕೊಳ್ಳಲಿ. ನಿನಗ ಏನ ಬೇಕ, ಅದನ್ನ ಹೇಳ," ಎಂದರು ಅತ್ತಿ.

ನಾನು ತಲೆ ತಗ್ಗಿಸಿ, "ಸಂಡಾಸ ಬೇಕರಿ ಅತ್ತಿ. ಬೆಳಕ ಹರಿಯೂಕಿಂತ ಮೊದಲ ಜಾಲಿ ಕಂಟಿ ಹಿಂದ ಹೋಗೂದು ನನ್ನ ಕೈಲೆ ಆಗವಲ್ದು," ಎಂದೆ.

ಗಿರಣಿಯಲ್ಲಿದ್ದ ಅಷ್ಟೂ ಹೆಂಗಸರು ಒಮ್ಮೆಲೇ "ಹೌದ್ ನೋಡವಾ" ಎಂದರು. ಮದುವೆಯಾದ ಮೇಲೆ ಆ ಊರು ನನ್ನದು ಎನಿಸಿದ್ದು ಅವತ್ತೇ.

ಅತ್ತಿಯನ್ನು ಮಾತ್ರ ಯಾರೂ ತಿರುಗಿ ಕೇಳುತ್ತಿರಲಿಲ್ಲ. ನನಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಒಂದು ಶ್ರಾವಣದ ಮಧ್ಯಾಹ್ನ ಕರೆಂಟು ಹೋಗಿ, ಮಳೆ ಹೊಡೆಯುತ್ತಿತ್ತು. ಗಿರಣಿಯಲ್ಲಿ ನಾವಿಬ್ಬರೇ. ಅತ್ತಿ ಒಂದೇ ಸಮನೆ ಮಾತಾಡುತ್ತಿದ್ದರು. ಅವರೆಕಾಳು, ಸೊಸೆಯಂದಿರು, ರಾಮದುರ್ಗದ ಸೀರೆ, ಒಂದಕ್ಕೊಂದು ಸಂಬಂಧವಿಲ್ಲ. ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ ಹೊರಗಿನಿಂದ ಹಳ್ಳದ ಸದ್ದು ಕೇಳಿಸಿತು. ತಗ್ಗಿನ, ನಿಲ್ಲದ ಸದ್ದು. ಅತ್ತಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. "ನೀ ಏನರ ಮಾತಾಡ ತಂಗಿ. ಸುಮ್ಮನ ಕೂಡಬ್ಯಾಡ," ಎಂದರು.

ಆಗ ನನಗೆ ಅರ್ಥವಾಯಿತು. ಅವರು ಗಿರಣಿ ನಡೆಸುತ್ತಿದ್ದದ್ದೂ, ಕರೆಂಟು ಹೋದಾಗ ನಮ್ಮನ್ನೆಲ್ಲ ಮಾತಿಗೆಳೆಯುತ್ತಿದ್ದದ್ದೂ ಆ ಸದ್ದು ಕಿವಿಗೆ ಬೀಳದಿರಲಿ ಎಂದು. "ಸರಕಾರ ನಿಮ್ಮ ಕೈಯಾಗ ಬಂದ್ರ ನೀವೇನ ಮಾಡ್ತೀರಿ ಅತ್ತಿ?" ಎಂದು ಕೇಳಿಬಿಟ್ಟೆ. ಅವತ್ತು ಹೇಳಿದರು. ಮತ್ತೆಂದೂ ಹೇಳಲಿಲ್ಲ.

ನಮ್ಮೂರಲ್ಲಿ ಚುನಾವಣೆಗೆ ಮುಂಚೆ ಭಂಡಾರ ಮುಟ್ಟಿಸುವ ಪದ್ಧತಿ ಇತ್ತು. ಭಂಡಾರವೆಂದರೆ ಸವದತ್ತಿ ಗುಡ್ಡದ ಎಲ್ಲವ್ವನ ಅರಿಶಿನ ಪುಡಿ. ಅದನ್ನು ತಾಟಿನಲ್ಲಿ ತಂದು ದ್ಯಾಮವ್ವನ ಗುಡಿ ಕಟ್ಟೆಯ ಮೇಲೆ ಇಡುತ್ತಿದ್ದರು. ಪ್ರತಿ ಮನೆಯ ಯಜಮಾನ ಅದನ್ನು ಮುಟ್ಟಿ, ತನ್ನ ಮನೆಯ ಓಟೆಲ್ಲ ಇಂಥವರಿಗೆ ಎಂದು ಆಣೆ ಮಾಡುತ್ತಿದ್ದ. ಮುಟ್ಟುವ ಕೈ ಗಂಡನದು, ಆಣೆಯೊಳಗೆ ಬೀಳುವವರು ಹೆಂಡತಿ, ಮಕ್ಕಳು, ಸೊಸೆಯಂದಿರು ಎಲ್ಲರೂ. ಹೀಗೆ ಆರಿಸಿ ಬರುತ್ತಿದ್ದ ದೊಡ್ಡ ಮನೆತನದ ಹಿರಿಯರೇ ಸದಾ ಪಂಚಾಯತಿ ಚೇರಮನ್.

ನಾನು ಆ ಊರಿಗೆ ಬರುವ ಮುಂಚಿನ ಚುನಾವಣೆಯಲ್ಲಿ ಒಬ್ಬ ಹುಡುಗ ಚೇರಮನ್ನರ ಎದುರು ನಿಂತ. ಹಳ್ಳಕ್ಕೆ ಬ್ರಿಜ್ ಮಾಡಿಸುತ್ತೇನೆ ಎನ್ನುವುದೊಂದೇ ಅವನ ಮಾತು. ಅತ್ತಿಯ ಗಂಡ ಭಂಡಾರ ಮುಟ್ಟಿ ಬಂದಿದ್ದರೂ ಅತ್ತಿ ಓಟು ಹಾಕಿದ್ದು ಆ ಹುಡುಗನಿಗೆ. ಹುಡುಗ ಸೋತ. ಹಾಕಿದ್ದನ್ನು ಮುಚ್ಚಿಡುವ ಗುಣ ಅತ್ತಿಗಿರಲಿಲ್ಲ, ಗಂಡನಿಗೆ ಹೇಳಿಬಿಟ್ಟರು. ಊರಿಗೆ ಗೊತ್ತಾಯಿತು.

ಮುಂದಿನ ಮಳೆಗಾಲ ರಾಮದುರ್ಗಕ್ಕೆ ಕೊಟ್ಟಿದ್ದ ಅತ್ತಿಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಧ್ಯಾಹ್ನ ನೋವು ಶುರುವಾಯಿತು, ಕೂಸು ಅಡ್ಡ ಸಿಕ್ಕಿತ್ತು. ಚಕ್ಕಡಿಯಲ್ಲಿ ಹಾಸಿ ಮಲಗಿಸಿ ಹಳ್ಳದ ದಂಡೆಗೆ ತಂದರು. ನೀರು ತುಂಬಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬೈಲಹೊಂಗಲದ ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು. ದೀಪ ಹಚ್ಚುವ ಹೊತ್ತಿಗೆ ಮಗಳ ಕೂಗು ನಿಂತಿತು. ನೀರಿನದು ನಿಲ್ಲಲಿಲ್ಲ.

"ಊರೆಲ್ಲ ಒಂದ ಮಾತ ಅಂತು, ಭಂಡಾರ ಮುರದ ಮನಿ ಅಂತ. ನನ್ನ ಗಂಡ ಸಾಯೂ ಮಟಾ ನನ್ನ ಕೂಡ ಆಡಿದ್ದು ಅದೊಂದ ಮಾತು. ನೀ ಕೊಂದಿ, ನೀ ಕೊಂದಿ." ಅತ್ತಿ ಅಂಗೈ ನೋಡಿಕೊಳ್ಳುತ್ತ ಹೇಳಿದರು. "ಗುಡ್ಡದಾಕಿ ಕೊಂದಳೋ, ಹಳ್ಳ ಕೊಂದಿತೋ, ನನಗ ತಿಳೀವಲ್ದು ತಂಗಿ. ಒಂದ ಬ್ರಿಜ್ ಆದ್ರ ತಿಳೀತೈತಿ."

ಎರಡು ಸಾವಿರದ ಆಸುಪಾಸಿನಲ್ಲಿ ಮತ್ತೆ ಪಂಚಾಯತಿ ಚುನಾವಣೆ ಬಂತು. ಚೇರಮನ್ನರು ಮತ್ತೆ ನಿಂತರು. ಗುಡಿ ಕಟ್ಟೆಯ ಮೇಲೆ ತಾಟು ಬಂತು. ಗಂಡಸರು ಸಾಲಾಗಿ ನಿಂತಿದ್ದರು, ನಾವು ಹೆಂಗಸರು ಬೇವಿನ ಮರದ ಬುಡದಲ್ಲಿ. ಅತ್ತಿ ಗಿರಣಿಯಿಂದ ನೇರ ಬಂದರು. ಅದೇ ಬಿಳಿ ಮುಖ. ಗಂಡಸರ ಸಾಲು ಸೀಳಿಕೊಂಡು ಹೋಗಿ ತಾಟಿನ ಮುಂದೆ ನಿಂತರು. ಅವರು ಮುಟ್ಟಲು ಬಂದರೆಂದೇ ಎಲ್ಲರೂ ತಿಳಿದರು.

"ಚೇರಮನ್ರ, ಮೊದಲ ನೀವು ಮುಟ್ರಿ," ಎಂದರು.

"ನಾ ಯಾಕವಾ? ಓಟ ಹಾಕೋರು ನೀವು," ಎಂದು ಚೇರಮನ್ನರು ನಕ್ಕರು.

"ಹಾಕೋರು ನಾವು ಇಲ್ಲೇ ಇರ್ತೀವ್ರಿ, ಎಲ್ಲಿಗೆ ಹೋಗ್ತೀವಿ? ತಗೊಂಡ ಹೋಗೋರು ನೀವು. ಆಣಿ ಬೇಕಾದದ್ದು ನಿಮಗ. ಮುಂದಿನ ಚುನಾವಣಿ ಒಳಗ ಹಳ್ಳಕ್ಕ ಬ್ರಿಜ್ ಮಾಡಸ್ತೇನಿ, ಇಲ್ಲಂದ್ರ ನನ್ನ ಮನಿತನ ಉಳಿಯೂದ ಬ್ಯಾಡ ಅಂತ ಮುಟ್ರಿ. ಆಮ್ಯಾಲ ಊರೆಲ್ಲ ಮುಟ್ಟತೈತಿ."

ಕಟ್ಟೆಯ ಮೇಲಿನ ನಗು ನಿಂತಿತು. ಯಾರೋ "ಏನವಾ ಇದು, ಶಾಪ ಹಾಕಿಧಂಗ" ಎಂದು ಗದರಿದರು. ಅತ್ತಿ ಆ ಕಡೆ ತಿರುಗಲೂ ಇಲ್ಲ. ಚೇರಮನ್ನರ ಮುಖವನ್ನೇ ನೋಡುತ್ತ, ದನಿ ಏರಿಸದೆ ಹೇಳಿದರು.

"ನಾ ಮುರದು ನೋಡೇನ್ರಿ. ಮುರದ್ರ ಏನಾಗತೈತಿ ಅಂತ ನೀವ ಎಲ್ಲಾರೂ ನನಗ ಹೇಳೀರಿ. ಅದು ಖರೇ ಇದ್ರ ನಿಮಗೂ ಖರೇ. ಸುಳ್ಳಿದ್ರ, ನಮಗ ಯಾಕ ಮುಟ್ಟಸ್ತೀರಿ?"

ಇಷ್ಟು ಓದಿದ ನನಗೆ ಇಷ್ಟು ಸರಳವಾದ ಮಾತು ಹೊಳೆದಿರಲಿಲ್ಲ ಎಂದು ಹೇಳಿಕೊಂಡರೆ ಸುಳ್ಳಾದೀತು. ಹೊಳೆದಿತ್ತು. ಆದರೆ ಅದನ್ನು ಹೇಳುವ ಹಕ್ಕು ಬಂದದ್ದು ಅತ್ತಿಗೆ, ಅದಕ್ಕಾಗಿ ಅವರು ಕೊಟ್ಟದ್ದನ್ನು ನಾವ್ಯಾರೂ ಕೊಟ್ಟಿರಲಿಲ್ಲ. ಸಾಲಿನ ಮೊದಲಿಗಿದ್ದ ನನ್ನ ಮಾವ ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ಕಟ್ಟಿಕೊಂಡರು. ಅವರ ಹಿಂದಿನವರೂ ಹಾಗೇ ಮಾಡಿದರು. ಬೇವಿನ ಬುಡದಿಂದ ಹಲ್ಲಿಲ್ಲದ ಮುದುಕಿ, "ಮುಟ್ಟೋ ಯಪ್ಪಾ, ಯಾಕ ಅಂಜತಿ," ಎಂದು ಕೂಗಿತು. ಚೇರಮನ್ನರ ಮನೆಯಲ್ಲಿ ಆಗ ಇಬ್ಬರು ಮೊಮ್ಮಕ್ಕಳು. ಚೇರಮನ್ನರು ಬಹಳ ಹೊತ್ತು ತಾಟು ನೋಡಿದರು. ಕೊನೆಗೆ ಬೆರಳ ತುದಿಯಿಂದ ಮುಟ್ಟಿದರು. ಬೆರಳಿಗೆ ಅಂಟಿದ ಹಳದಿಯನ್ನು ಒರೆಸಿಕೊಳ್ಳದೆ ಹಾಗೇ ಹಿಡಿದು ನಿಂತದ್ದನ್ನು ಇಡೀ ಊರು ನೋಡಿತು.

ಆರಿಸಿ ಬಂದ ಮೇಲೆ ಅವರ ಓಡಾಟ ನೋಡಬೇಕಿತ್ತು. ಬೈಲಹೊಂಗಲದ ಆಫೀಸು, ಬೆಳಗಾವಿಯ ಆಫೀಸು, ಎಂಜಿನಿಯರರ ಮನೆ ಬಾಗಿಲು. ನಮ್ಮೂರಿನ ಮನವಿಗಳಿಗೆ ಅಷ್ಟು ವರ್ಷ ಜಗ್ಗದ ಸರಕಾರ ಒಂದು ಚಿಟಿಕೆ ಅರಿಶಿನ ಪುಡಿಗೆ ನಿದ್ದೆಗೆಟ್ಟಿತು. ಬ್ರಿಜ್ ಆಯಿತು. ಉದ್ಘಾಟನೆಯ ದಿನ ಊರೆಲ್ಲ ಅಲ್ಲಿತ್ತು, ಅತ್ತಿ ಗಿರಣಿಯಲ್ಲಿದ್ದರು. ಆಮೇಲೆಯೂ ಅವರು ಅದರ ಮೇಲೆ ಕಾಲಿಡಲಿಲ್ಲ. ಪೇಟೆಯಿಂದ ಬೇಕಾದ್ದನ್ನು ಬೇರೆಯವರ ಕೈಯಲ್ಲಿ ತರಿಸುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ನನಗೆ ಕೇಳಲು ಹೆದರಿಕೆಯಾಗುತ್ತಿತ್ತು.

ಅದರ ಮರುವರ್ಷ ಮಳೆಗಾಲದಲ್ಲಿ ನನಗೆ ಎರಡನೆಯ ಹೆರಿಗೆ. ಮೊದಲನೆಯವನು ಕಿತ್ತೂರಿನಲ್ಲಿ ಸಲೀಸಾಗಿ ಹುಟ್ಟಿದ್ದ, ಹೀಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದಿನ ತುಂಬುವ ಮೊದಲೇ ನೋವು ಬಂತು. ಮುಟ್ಟಿ ನೋಡಿದ ಸೂಲಗಿತ್ತಿ ಕೈ ಹಿಂದೆ ತೆಗೆದಳು. ಟೆಂಪೋ ಬಂತು. ನನ್ನನ್ನು ಮಲಗಿಸುವಾಗ ಗಿರಣಿಯ ಸದ್ದು ನಿಂತಿತು, ಅತ್ತಿ ಹಿಟ್ಟಿನ ಕೈಯಲ್ಲೇ ಬಂದು ಟೆಂಪೋ ಹತ್ತಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬ್ರಿಜ್ ಬಂದಾಗ ಕೆಳಗೆ ಹಳ್ಳ ತುಂಬಿ ಗುಡುಗುತ್ತಿತ್ತು. ನನಗೆ ಕಾಣುತ್ತಿದ್ದದ್ದು ಅವರ ಗಲ್ಲ ಮಾತ್ರ. ಕ್ಷಣದಲ್ಲಿ ಆಚೆ ದಂಡೆ ಬಂತು. ಇಷ್ಟೇನಾ ಎನ್ನುವಷ್ಟು ಬೇಗ.

ಬೈಲಹೊಂಗಲದ ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದಳು. ಇನ್ನೊಂದು ತಾಸು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಅತ್ತೆಗೆ ಹೇಳಿದರಂತೆ. ಮರುದಿನ ಗಿರಣಿ ಅತ್ತಿ ನನ್ನ ಮಂಚದ ಪಕ್ಕ ಕೂತಿದ್ದರು. ಯಾರೋ ಅವರ ಮುಖ ತೊಳೆಸಿದ್ದರು. ಹಿಟ್ಟಿಲ್ಲದ ಆ ಮುಖವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಬಹಳ ದಣಿದ, ಸಾಮಾನ್ಯ ಮುದುಕಿಯೊಬ್ಬಳ ಮುಖ. ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದರು.

"ತಿಳೀತಲ್ರಿ ಅತ್ತಿ," ಎಂದೆ. ಅವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. "ದೇವಿ ಅಲ್ಲ. ನೀವೂ ಅಲ್ಲ. ಹಳ್ಳ."

"ತಿಳೀತು," ಎಂದರು. ಕೂಸಿನ ಮುಷ್ಟಿ ಬಿಡಿಸಿ ಅದರೊಳಗೆ ತಮ್ಮ ಬೆರಳಿಟ್ಟರು. ಆಮೇಲೆ ಕೂಸಿನ ಮುಖದಿಂದ ಕಣ್ಣು ತೆಗೆಯದೆ, "ದೇವಿ ಸಿಟ್ಟಂದ್ರ ಯಾರೇನ ಮಾಡೂದು, ಆಗಬೇಕಾದ್ದ ಆತು ಅಂದಕೊಂಡಿದ್ದೆ ತಂಗಿ. ಹಂಗಾರ ಅದೇನೂ ಇರಲಿಲ್ಲ. ಇಷ್ಟ ಸಿಮೆಂಟ, ಇಷ್ಟ ಕಲ್ಲ. ಹಂಗಾರ ಆಕಿ ಸಾಯೂದ ಇರಲಿಲ್ಲಲ್ಲ," ಎಂದರು.



ಆಮೇಲೆ ಅವರು ಗಿರಣಿ ನಡೆಸಿದರು, ಆದರೆ ಕರೆಂಟು ಹೋದಾಗ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಾವೇ ಹಳೆಯ ಆಟ ಎತ್ತಿದರೆ, ಕೇಳಿಸದವರಂತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಒಮ್ಮೊಮ್ಮೆ ಕರೆಂಟು ಇದ್ದಾಗಲೂ ತಾವೇ ಗಿರಣಿ ನಿಲ್ಲಿಸಿ ಹಳ್ಳದ ಕಡೆ ಕಿವಿ ಕೊಟ್ಟು ಕೂಡುತ್ತಿದ್ದರು. ಬುಟ್ಟಿ ತಂದವರು ಕಾಯುತ್ತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿದರು. ಕೊನೆಗೆ ನನ್ನನ್ನು ಕರೆಸಿ ಹೇಳಿದ್ದು ಒಂದೇ. "ಸತ್ತ ಮ್ಯಾಲ ನನ್ನ ಬ್ರಿಜ್ ದಾಟಿಸಬ್ಯಾಡ್ರಿ."

ನಮ್ಮೂರಿನ ಮಸಣ ಹಳ್ಳದ ಆಚೆಗಿದೆ. ಆದರೆ ಅತ್ತಿಯ ಮಗಳು ಸತ್ತಾಗ ನೀರು ಇನ್ನೂ ಇಳಿದಿರಲಿಲ್ಲ, ಹೆಣ ದಾಟಿಸುವುದೂ ಆಗಲಿಲ್ಲ. ಈಚೆ ದಂಡೆಯಲ್ಲೇ, ತಮ್ಮ ಹೊಲದ ಬದುವಿನಲ್ಲಿ ಹೂಳಿದ್ದರು. ಅತ್ತಿ ತೀರಿಕೊಂಡ ದಿನ ಊರ ಹಿರಿಯರು ಮಸಣ ಬಿಟ್ಟು ಬೇರೆ ಕಡೆ ಹೇಗೆ ಎಂದು ತಕರಾರು ತೆಗೆದರು. ಮುದುಕರಾಗಿದ್ದ ಚೇರಮನ್ನರು ಕೋಲೂರಿಕೊಂಡು ಬಂದು, "ಆಕಿ ಹೇಳಿಧಂಗ ಆಗ್ಲಿ," ಎಂದರು. ಅತ್ತಿಯನ್ನೂ ಅದೇ ಬದುವಿನಲ್ಲಿ, ಮಗಳ ಪಕ್ಕ ಹೂಳಿದರು.

ನನ್ನ ಮಗಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಬೈಲಹೊಂಗಲಕ್ಕೆ ಹೋಗುವಾಗ ಬ್ರಿಜ್ ಮೇಲೆ ಆಕೆ ಮೊಬೈಲು ನೋಡುತ್ತಿರುತ್ತಾಳೆ, ನಾನು ಆ ಬದುವಿನ ಕಡೆ ನೋಡುತ್ತೇನೆ. ಆ ತಾಯಿ ಮಗಳು ಇಬ್ಬರೂ ಈಚೆಗೇ ಉಳಿದರು. ನಾವಿಬ್ಬರೂ ದಾಟಿ ಹೋಗುತ್ತೇವೆ.