ಜಯಕ್ಕನ ಗೇಣು

ಜಯಕ್ಕನ ಎಡಗೈ ಗೇಣು ಎಂಟು ಇಂಚಿಗೆ ಕಾಲು ಇಂಚು ಕಡಿಮೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಟೇಪು ಹಿಡಿದು ನಾನೇ ಅಳೆದು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಸದಾ ಅರಿಶಿನ ಹಿಡಿದಿರುತ್ತಿದ್ದ ಆ ಕೈ, ಯಾವ ಪಾತ್ರೆ ಕಂಡರೂ ಮೊದಲು ಅದರೊಳಕ್ಕೆ ಇಳಿಯುತ್ತಿತ್ತು. ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಕೊಟ್ಟ ಕಾಫಿಯನ್ನು ಅವರು ನೋಡಲಿಲ್ಲ, ಹಾಲು ಕಾಯಿಸಿದ್ದ ಪಾತ್ರೆಯನ್ನು ನೋಡಿದರು.

“ಎರಡು ಲೋಟ ಹಾಲಿಗೆ ಇಷ್ಟಗಲದ್ದಾ? ಅರ್ಧ ಕೆನೆ ಪಾತ್ರೆಗೇ ಮೆತ್ಕೊಂಡೈತೆ ನೋಡಮ್ಮಿ!”

ಅಮೆರಿಕದ ಡಬ್ಲಿನ್ನಿನ ನಮ್ಮ ಟೌನ್‌ಹೌಸುಗಳ ಸಾಲಿನಲ್ಲಿ ಅವರ ಗರಾಜು, ನಮ್ಮ ಗರಾಜು ಒಂದೇ ಗೋಡೆಯ ಆಚೆ ಈಚೆ. ಅವರ ಕಾರು ಯಾವಾಗಲೂ ರಸ್ತೆಯಲ್ಲೇ ನಿಲ್ಲುತ್ತಿತ್ತು, ಏಕೆಂದರೆ ಗರಾಜಿನಲ್ಲಿ ಎರಡು ಗ್ಯಾಸ್ ಒಲೆ, ಏಳು ಪಾತ್ರೆ ಇದ್ದವು. ಮಂಡ್ಯ ಕಡೆಯ ಜಯಕ್ಕ ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಅಡುಗೆ ಮಾಡಿಕೊಡುತ್ತಿದ್ದರು. ಫೋನಿನಲ್ಲಿ ಆರ್ಡರು ತೆಗೆದುಕೊಳ್ಳುವಾಗ ಎಷ್ಟು ಜನ ಬರುತ್ತಾರೆಂಬುದು ಅವರಿಗೆ ಸಾಲುತ್ತಿರಲಿಲ್ಲ. “ಎರಡನೇ ಸಲ ಬಡಿಸ್ಕೊಳ್ಳೋರು ಎಷ್ಟು ಜನ, ಅದ ಹೇಳಿ” ಎನ್ನುತ್ತಿದ್ದರು. ಒಬ್ಬರೇ ಎತ್ತಲಾಗದ ಪಾತ್ರೆಯನ್ನು ಅವರು ಇಟ್ಟುಕೊಂಡಿರಲಿಲ್ಲ. ನೂರೈವತ್ತು ಜನರ ಊಟ ಬಂದರೂ ಅದೇ ಪಾತ್ರೆಯಲ್ಲಿ ಮೂರು ಸಲ ಬಿಸಿಬೇಳೆಬಾತು ಮಾಡುತ್ತಿದ್ದರು. ಮೂರನೆಯದಕ್ಕೂ ಮೊದಲನೆಯದರ ರುಚಿಯೇ ಇರುತ್ತಿತ್ತು. ನಾನು ಮೂರನ್ನೂ ತಿಂದು ನೋಡಿದ್ದೇನೆ.

ಗೋಡೆಯ ಈಚೆ ನಾನು ಬಿಯರು ಮಾಡುತ್ತಿದ್ದೆ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಸಿಹಿ ರಸವನ್ನು ಬಸಿದುಕೊಳ್ಳುವುದು ಅದರ ಮೊದಲ ಹಂತ. ಬಸಿದ ನುಚ್ಚಿಗೆ ಮತ್ತೆ ಬಿಸಿನೀರು ಸುರಿದು ಉಳಿದ ರಸವನ್ನೂ ತೆಗೆದರೆ ಒಂದು ಸಲಕ್ಕೆ ಇಪ್ಪತ್ತು ಲೀಟರು ಬಿಯರಾಗುತ್ತದೆ. ನೆನೆಸುವ ಪಾತ್ರೆಗೆ ಮ್ಯಾಶ್ ಟನ್ ಎನ್ನುತ್ತಾರೆ. ದಪ್ಪ ಗೋಡೆಯ ಪಿಕ್‌ನಿಕ್ ಕೂಲರಿಗೆ ಕೆಳಗೊಂದು ನಲ್ಲಿ ಕೂರಿಸಿದರೆ ಅದೇ ಆಯಿತು. ಆ ಒಂದು ಗಂಟೆ ಶಾಖ ಅರವತ್ತೇಳು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ನನ್ನದು ನಿಲ್ಲುತ್ತಿರಲಿಲ್ಲ. ಆರು ಸಲ ಮಾಡಿದ್ದೆ, ಆರೂ ಸಲ ನೀರುನೀರಾಗಿತ್ತು. ಥರ್ಮಾಮೀಟರು ಎರಡು ಸಲ ಬದಲಾಯಿಸಿದೆ, ಬಾರ್ಲಿ ಮೂರು ಸಲ.

ಇದರ ನಡುವೆ ನನ್ನ ರೂಮ್‌ಮೇಟ್ ಸ್ನೇಹಾಳಿಗೆ ಮದುವೆ ಗೊತ್ತಾಯಿತು. ಮೇ 24ರ ಸಂಜೆಯ ಪಾರ್ಟಿಗೆ ಬಿಯರು ನನ್ನದೇ ಎಂದು ಉತ್ಸಾಹದಲ್ಲಿ ಮಾತು ಕೊಟ್ಟುಬಿಟ್ಟಿದ್ದೆ.

“ಏಪ್ರಿಲ್ ಕೊನೆಗೆ ಒಂದು ಬಾಟ್ಲಿ ಕುಡಿದು ನೋಡ್ತೀನಿ” ಎಂದಳು ಸ್ನೇಹಾ. “ಈ ಥರಾನೇ ಇದ್ರೆ ಅಂಗಡಿಯಿಂದ ತರಿಸ್ತೀನಿ ಕಣೆ. ಬೇಜಾರು ಮಾಡ್ಕೋಬೇಡ. ನಮ್ಮಪ್ಪನ ಫ್ರೆಂಡ್ಸೆಲ್ಲ ಬರ್ತಾರೆ.”

ಬೇಜಾರಾಯಿತು. ಅಂದಿನ ಪುಟದಲ್ಲಿ ಅದನ್ನೂ ಬರೆದುಕೊಂಡೆ.

ಮಾರ್ಚ್ 1, ಶನಿವಾರ. ಏಳನೇ ಸಲ. ಅರವತ್ತೇಳಕ್ಕೆ ಶುರುವಾಗಿ ಗಂಟೆಯ ಕೊನೆಗೆ ಐವತ್ತೊಂಬತ್ತಕ್ಕೆ ಇಳಿದಿತ್ತು. ಕೂಲರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಜಯಕ್ಕ ಸೌಟು ಹಿಡಿದುಕೊಂಡೇ ಈಚೆ ಬಂದರು.

“ಇದೇನಮ್ಮಿ, ಎಮ್ಮೆಗೆ ನೀರಿಡೋ ತೊಟ್ಟಿನಾ?”

“ಮ್ಯಾಶ್ ಟನ್ ಅಕ್ಕ. ಅರವತ್ತಾರು ಲೀಟರಿಂದು.”

“ಒಳಗಿರೋದು?”

“ಹದಿನಾರು ಲೀಟರು.”

ಅವರ ಕೈ ಒಳಕ್ಕೆ ಇಳಿಯಿತು. ನುಚ್ಚು ನಾಲ್ಕು ಬೆರಳಿನಷ್ಟು ಆಳವಿತ್ತು. “ದೋಸೆ ಹುಯ್ದಂಗೆ ಹುಯ್ದಿದ್ದೀಯಲ್ಲ! ಮೇಲೆಲ್ಲ ಬರೀ ಗಾಳಿ. ಆ ಗಾಳಿನೂ ಕಾಯಿಸ್ಬೇಕು ಪಾಪ ಇದು. ಇಷ್ಟ್ ದೊಡ್ಡದು ಯಾಕ್ ತಗೊಂಡೆ?”

“ಮುಂದೆ ಜಾಸ್ತಿ ಮಾಡ್ಬೇಕಾದ್ರೆ ಇರಲಿ ಅಂತ.”

“ಮುಂದೆ ಅಂದ್ರೆ ಯಾವತ್ತು?”

ನನ್ನಲ್ಲಿ ಎಲ್ಲಕ್ಕೂ ತಾರೀಕಿತ್ತು. ಇದಕ್ಕೆ ಮಾತ್ರ ಇರಲಿಲ್ಲ. ಬೆಳೆಯುವ ಮಗುವಿಗೆ ಎರಡು ಸೈಜು ದೊಡ್ಡ ಅಂಗಿ ಹೊಲಿಸುತ್ತಾರಲ್ಲ, ಹಾಗೆ ಕೊಂಡಿದ್ದೆ.

ಮಾರ್ಚ್ 9ರ ಭಾನುವಾರ ಓಕ್ಲೆಂಡ್ ಕಡೆ ಬಿಯರ್ ಸಾಮಾನಿನ ಅಂಗಡಿಗೆ ಹೊರಟಾಗ ಜಯಕ್ಕ ಕೇಳದೆಯೇ ಕಾರು ಹತ್ತಿದರು. ಬಿಯರನ್ನು ಅವರು ಮುಟ್ಟುವವರಲ್ಲ. “ಬಾಟ್ಲಿಗೆ ಹೋದ್ಮೇಲೆ ಅದು ನಿನ್ನ ಪಾಪ. ಅಲ್ಲೀಗಂಟ ಅದು ಗಂಜಿ. ಗಂಜಿ ವಿಷ್ಯ ನಂಗ್ ಬಿಡು” ಎಂದು ದಾರಿಯಲ್ಲೇ ಇತ್ಯರ್ಥ ಮಾಡಿದರು.

ಅಂಗಡಿಯಲ್ಲಿ ದುಂಡನೆಯ ಕೂಲರುಗಳು ಎರಡು ಸೈಜಿನಲ್ಲಿದ್ದವು: ಹತ್ತೊಂಬತ್ತು ಲೀಟರಿನದು, ಮೂವತ್ತೆಂಟು ಲೀಟರಿನದು. ಪಕ್ಕದಲ್ಲಿ ಎಪ್ಪತ್ತೈದು ಲೀಟರಿನ ಹೊಳೆಯುವ ಸ್ಟೀಲಿನದೂ ಇತ್ತು. ಮದುವೆಗೆ ಬೇಕಾದ ನಲವತ್ತು ಲೀಟರು ಬಿಯರನ್ನು ಒಂದೇ ಸಲಕ್ಕೆ ಮಾಡಬಹುದೆಂದು ನನ್ನ ಕಣ್ಣು ಸ್ಟೀಲಿನದರ ಮೇಲೆಯೇ ನೆಟ್ಟಿತ್ತು. ಅಂಗಡಿಯವನೂ ಅದನ್ನೇ ತಟ್ಟಿ ತೋರಿಸಿದ.

“ಇವನಿಗೆ ಹೇಳು, ನೀರು ಬೇಕು” ಎಂದರು ಜಯಕ್ಕ. “ಹದಿನಾರು ಲೀಟರು. ಮೂರಕ್ಕೂ ಹುಯ್ದು ನೋಡ್ಬೇಕು.”

ನಾನು ನಾಚಿಕೊಂಡೇ ಹೇಳಿದೆ. ಅವನು ನಗುತ್ತ ಹಿತ್ತಿಲಿನ ಪೈಪು ಎಳೆದುಕೊಂಡು ಬಂದ. ಚಿಕ್ಕದರಲ್ಲಿ ನೀರು ಕಂಠದವರೆಗೆ ಬಂತು. “ಸೌಟಾಡ್ಸೋಕೆ ಜಾಗ ಎಲ್ಲೈತೆ? ಒಂದಿನ ಒಂದು ಹಿಡಿ ಜಾಸ್ತಿ ಹಾಕಿದ್ರೆ ಉಕ್ಕಿ ಕಾಲ್ಮೇಲೆ.” ಸ್ಟೀಲಿನದರಲ್ಲಿ ನೀರು ತಳದಲ್ಲೇ ಉಳಿಯಿತು. ನಡುವಿನದರಲ್ಲಿ ಅವರು ಗೇಣು ಹಾಕಿ ಹಿಡಿದರು. ಹೆಬ್ಬೆರಳು ತಳದಲ್ಲಿ, ಕಿರುಬೆರಳು ನೀರಿನ ಅಂಚಿಗೆ. ಮೇಲೆ ಇನ್ನೊಂದು ಗೇಣು ಖಾಲಿ.

“ಇದು.”

“ಅಕ್ಕ, ಮದುವೆಗೆ ನಲವತ್ತು ಲೀಟರು ಬೇಕು!”

“ಮದುವೆ ಎಷ್ಟು ಸಲ ಮಾಡ್ಕೊಂತಾಳೆ ನಿನ್ ಫ್ರೆಂಡು? ನೀನು ತಿಂಗ್ಳು ತಿಂಗ್ಳೂ ಮಾಡೋದು ಎಷ್ಟೋ ಅಷ್ಟಕ್ಕೆ ತಗೋ. ಮದ್ವೆಗೆ ಎರಡು ಸಲ ಮಾಡು. ಶನಿವಾರ ಏನು ಒಂದೇನಾ ಇರೋದು?”

ನನ್ನ ಸ್ಪ್ರೆಡ್‌ಶೀಟಿನಲ್ಲಿ ನೀರು, ಕಾಳು, ಶಾಖ ಎಲ್ಲಕ್ಕೂ ಕಾಲಮ್ಮಿತ್ತು. ಎರಡು ಸಲ ಮಾಡಬಹುದು ಎಂಬುದಕ್ಕೆ ಕಾಲಮ್ಮಿರಲಿಲ್ಲ. ಮೂವತ್ತೆಂಟು ಲೀಟರಿನದನ್ನು ಕೊಂಡೆ.

ಮಾರ್ಚ್ 15, ಎಂಟನೇ ಸಲ. ಐದು ಕಿಲೋ ಬಾರ್ಲಿ ನುಚ್ಚು ಬಿಸಿನೀರಿಗೆ ಬಿದ್ದು ಸರಿಯಾಗಿ ಒಂದು ಗೇಣು ನಿಂತಿತು. ಅರವತ್ತೇಳು ಡಿಗ್ರಿ. ಮುಚ್ಚಳ ಹಾಕಿದೆ. ಐದು ನಿಮಿಷಕ್ಕೆ ತೆಗೆದು ನೋಡಲು ಕೈ ಚಾಚಿದರೆ ಜಯಕ್ಕ ಸೌಟಿನಿಂದ ಬೆರಳಿಗೇ ಕೊಟ್ಟರು. ಮುಚ್ಚಳದ ಮೇಲೆ ಎರಡು ಟವೆಲು ಹೊದೆಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬೀನ್ಸ್ ಸೋಸುತ್ತ ಕಾವಲು ಕೂತರು.

“ಬಾಣಂತಿ ಕೋಣೆಗೆ ಗಳಿಗೆಗೊಂದು ಸಲ ನುಗ್ತಾರಾ? ಬೆಚ್ಚಗಿರ್ಲಿ ಬಿಡು.”

ಗಂಟೆ ಕಳೆಯಿತು. ಟವೆಲು ತೆಗೆದೆ, ಥರ್ಮಾಮೀಟರು ಇಳಿಸಿದೆ. ಅರವತ್ತಾರು! ಎರಡನೇ ಥರ್ಮಾಮೀಟರು ತಂದೆ. ಅದೂ ಅರವತ್ತಾರು. ನಾನು ಗರಾಜಿನಲ್ಲೇ ಕುಣಿದಾಡಿದೆ. ನಲ್ಲಿಯಿಂದ ಜೇನಿನ ಬಣ್ಣದ ರಸ ಸಣ್ಣಗೆ ಇಳಿಯಿತು. ಇನ್ನೂ ಗಂಜಿಯೇ ಆದ್ದರಿಂದ ಜಯಕ್ಕನೂ ಒಂದು ಚಮಚ ಬಾಯಿಗೆ ಹಾಕಿಕೊಂಡರು.

“ಹಾಲುಬಾಯಿಗೆ ಇದ್ನೇ ಹುಯ್ದ್ರೆ ಬೆಲ್ಲನೇ ಬ್ಯಾಡ ಕಣಮ್ಮಿ. ಇಂಥದ್ನ ತಗೊಂಡೋಗಿ ಕೆಡಿಸ್ತೀಯಲ್ಲ!”

ಮಾರ್ಚ್ 22ರಂದು ಒಂಬತ್ತನೇ ಸಲ. ಶಾಖ ಮತ್ತೆ ಅರವತ್ತಾರಕ್ಕೆ ನಿಂತಿತು. ಏಪ್ರಿಲ್ 27ರಂದು ಸ್ನೇಹಾ ಒಂದು ಗುಟುಕು ಕುಡಿದು, ಬಾಟಲಿ ಪೂರ್ತಿ ಮುಗಿಸಿ, “ಅಂಗಡಿ ಕ್ಯಾನ್ಸಲ್” ಎಂದಳು.

ಮೇ 24, ಲಿವರ್‌ಮೋರಿನ ಒಂದು ಪಾರ್ಟಿ ಹಾಲ್. ಊಟ ಜಯಕ್ಕನದು, ಬಿಯರು ನನ್ನದು. ಐಸಿನಲ್ಲಿ ತೊಂಬತ್ತೆಂಟು ಬಾಟಲಿಗಳಿದ್ದವು. ಸ್ನೇಹಾಳ ಅಪ್ಪ ಲೇಬಲ್ಲಿಲ್ಲದ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಎಲ್ಲೀದವ್ವಾ ಇದು? ಜರ್ಮನೀದೇನು? ಭಾಳ ಛಲೋ ಐತಿ” ಎಂದರು. ಒಂಬತ್ತೂವರೆಗೆ ಐಸಿನಲ್ಲಿ ಐಸು ಮಾತ್ರ ಉಳಿದಿತ್ತು.

ಪಾತ್ರೆ ತೊಳೆಯುತ್ತಿದ್ದ ಜಯಕ್ಕನ ಹತ್ತಿರ ಓಡಿದೆ. ಚೆನ್ನಾಗಿತ್ತಂತಾ ಎಂದು ಅವರು ಕೇಳಲಿಲ್ಲ. ತಲೆ ಎತ್ತದೆ ಕೇಳಿದರು:

“ಎರಡನೇ ಸಲ ತಗೊಂಡೋರು ಎಷ್ಟು ಜನ?”

ಈ ಪ್ರಶ್ನೆಗಾಗಿಯೇ ಸಂಜೆಯೆಲ್ಲ ಚೀಟಿಯಲ್ಲಿ ಗೀಟು ಎಳೆದಿದ್ದೆ. “ಕುಡಿದೋರು ನಲವತ್ತೊಂದು ಜನ ಅಕ್ಕ. ಎರಡನೇದು ಮೂವತ್ತೇಳು. ಮೂರನೇದು ಇಪ್ಪತ್ತು.”

ಅವರು ಒದ್ದೆ ಕೈಯಿಂದ ನನ್ನ ಕೆನ್ನೆ ಹಿಂಡಿದರು. “ಗೆದ್ದೆ ಕಣಮ್ಮಿ!” ಕೆನ್ನೆಯ ಅರಿಶಿನ ಆಮೇಲಿನ ಎಲ್ಲ ಫೋಟೋಗಳಲ್ಲೂ ಇದೆ.

ಸೆಪ್ಟೆಂಬರಿನಲ್ಲಿ ಗಂಡನ ಕೆಲಸಕ್ಕಾಗಿ ಅವರು ಟೆಕ್ಸಾಸಿಗೆ ಹೊರಟರು. ಏಳೂ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿದೆವು. ಟ್ರಕ್ಕು ಕಾಯುತ್ತಿದ್ದಾಗ ನಾನು ಮ್ಯಾಶ್ ಟನ್ನನ್ನು ಅವರ ಮುಂದಿಟ್ಟು ಕೈ ಇಡಿ ಎಂದೆ. ಅವರ ಕಿರುಬೆರಳು ತಲುಪಿದಲ್ಲಿ, ಒಳಗೋಡೆಯ ಮೇಲೆ ಮೊಳೆಯಿಂದ ಗೆರೆ ಕೊರೆದೆ. ಟೇಪಿನಿಂದ ಅಳೆದದ್ದೂ ಆಗಲೇ.

“ಎಲ್ಲ ಬರ್ಕೊಳೋಳು ನೀನು. ಬರ್ಕೋ” ಎಂದು ನಕ್ಕರು.

ಪಕ್ಕದ ಗರಾಜಿನಲ್ಲಿ ಈಗ ಕಾರು ನಿಲ್ಲುತ್ತದೆ, ಒಗ್ಗರಣೆಯ ಸದ್ದಿಲ್ಲ. ನಿನ್ನೆ ಶನಿವಾರ, ಹದಿನೇಳನೇ ಸಲ. ಮುಚ್ಚಳ ಹಾಕುವ ಮೊದಲು ಬಗ್ಗಿ ನೋಡಿದೆ. ನುಚ್ಚು ಜಯಕ್ಕನ ಗೆರೆಗೆ ಸರಿಯಾಗಿ ನಿಂತಿತ್ತು. ಎರಡು ಟವೆಲು ಹೊದೆಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಒಂದು ಗಂಟೆ ಮುಚ್ಚಳ ತೆಗೆಯಲಿಲ್ಲ.