ಜಾನ್ ಬೀಯ ತಾಮ್ರದ ಉಂಗುರಗಳು

ಮಂಡ್ಯದಿಂದ ಬಳೆಯ ಗಂಟು ಹೊತ್ತು, ನಾಲೆ ಏರಿಯ ಮೇಲೆ ನಡೆದು ಜಾನ್ ಬೀ ನಮ್ಮೂರು ಕೊತ್ತತ್ತಿಗೆ ಬರುತ್ತಿದ್ದಳು. ಜಗಲಿಯಲ್ಲಿ ಕೂತು ಹೆಂಗಸರ ಕೈಯನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳನ್ನು ಅಂಗೈಗೆ ಒತ್ತಿ, ಗೆಣ್ಣುಗಳನ್ನು ಹಿಚುಕಿ ಮೆತ್ತಗೆ ಮಾಡಿ, ಮಾತಾಡುತ್ತಲೇ ಬಳೆ ಏರಿಸಿಬಿಡುತ್ತಿದ್ದಳು. ನೋವು ತಿಳಿಯುವಷ್ಟರಲ್ಲಿ ಕೈತುಂಬ ಬಳೆ ಇರುತ್ತಿತ್ತು. ಗಂಡ ಸತ್ತ ಮೇಲೆ ಅವಳ ಹೊಟ್ಟೆಪಾಡು ಆ ಹತ್ತು ಬೆರಳುಗಳದ್ದೇ.

ಎರಡನೇ ಮಹಾಯುದ್ಧ ಶುರುವಾದ ಮಾರನೇ ವರ್ಷ ಅವಳ ಬೆರಳುಗಳು ಕೈಕೊಟ್ಟವು. ಬೆಳಿಗ್ಗೆ ಗೆಣ್ಣುಗಳು ಊದಿಕೊಂಡು, ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬರಬರುತ್ತಾ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದವು. ನಡುಗೆಣ್ಣು ಹಿಂದಕ್ಕೆ ಬಾಗಿ, ತುದಿ ಮಾತ್ರ ಕೆಳಕ್ಕೆ ಕೊಕ್ಕೆಯಾಯಿತು. ಬಳೆ ಹಿಡಿದರೆ ಜಾರಿ ಒಡೆಯುತ್ತಿತ್ತು. ಮುತ್ತೈದೆಯ ಮುಂದೆ ಬಳೆ ಒಡೆದರೆ ಅಪಶಕುನವೆಂದು ಮನೆಮನೆಯವರೂ ಗೊಣಗಿದರು.

ಯಾರೋ ಪೂರಿಗಾಲಿಯ ಮರಿಸಿದ್ದಯ್ಯನ ಹತ್ತಿರ ಕಳಿಸಿದರು. ಆತ ಮುರಿದ ಮೂಳೆ ಕಟ್ಟುವವನು. ಇವಳ ಕೈಯಲ್ಲಿ ಏನೂ ಮುರಿದಿರಲಿಲ್ಲ. ಆದರೂ ಆ ಮಹಾನುಭಾವ ಬೆರಳುಗಳನ್ನು ಲಟಲಟನೆ ಎಳೆದು, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರ ದಬ್ಬೆ ಇಟ್ಟು ಬಿಗಿದು, ತಿಂಗಳು ಬಿಚ್ಚಬೇಡ ಎಂದ. ಅವಳು ಪಾಪ, ಬಿಚ್ಚಲಿಲ್ಲ. ಕಟ್ಟು ಬಿಚ್ಚಿದ ದಿನ ನಾನು ನೋಡಿದ್ದೇನೆ. ಚರ್ಮ ಕೊಳೆತು ದಬ್ಬೆಗೇ ಅಂಟಿಕೊಂಡಿತ್ತು. ಆ ನಾತಕ್ಕೆ ಮೂಗು ಮುಚ್ಚಿಕೊಂಡೆ. ಅದಕ್ಕಿಂತ ಅಸಹ್ಯವಾದದ್ದು ನಮ್ಮ ಊರಿನ ಬಾಯಿ. ಸೊಟ್ಟ ಬೆರಳು, ಮೇಲೆ ಹುಣ್ಣು, ಇನ್ನೇನು ಬೇಕು? ಜಾನ್ ಬೀಗೆ ದೊಡ್ಡರೋಗ, ಕುಷ್ಠ ಎಂದು ಸಂಜೆಯೊಳಗೆ ತೀರ್ಮಾನವಾಯಿತು. ಒಂದು ಮನೆಯವರೂ ಬಳೆ ತೊಡಿಸಿಕೊಳ್ಳಲು ಅವಳಿಗೆ ಕೈ ಕೊಡಲಿಲ್ಲ.

ಅವಳ ತಮ್ಮ ಕಬೀರ್, ಕಾವೇರಿ ಜಲಪಾತದ ಹತ್ತಿರದ ಬ್ಲಫ್‌ನ ಕರೆಂಟಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕು. ಅವನು ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಬೆರಳಿಗೆಲ್ಲ ಸೂಜಿ ಚುಚ್ಚಿ ನೋಡಿದರಂತೆ. ಚುಚ್ಚಿದಾಗಲೆಲ್ಲ ಅವಳು ಅಯ್ಯೋ ಎಂದಳಂತೆ. ಕುಷ್ಠವಾಗಿದ್ದರೆ ಚುಚ್ಚಿದ್ದೇ ತಿಳಿಯುತ್ತಿರಲಿಲ್ಲ. ಇದು ಕುಷ್ಠವಲ್ಲ, ಕೀಲುವಾತ, ಅಂಟುವುದಿಲ್ಲ ಎಂದು ಕನ್ನಡದಲ್ಲೇ ಚೀಟಿ ಬರೆದುಕೊಟ್ಟರು. ಕತ್ತರಿಸುವುದೇನೂ ಬೇಡ. ರೋಗ ಪೂರ್ತಿ ಹೋಗದು, ಆದರೆ ಬೆರಳುಗಳನ್ನು ಕೆಲಸಕ್ಕೆ ಉಳಿಸಿಕೊಳ್ಳಬಹುದು ಎಂದರು. ಬೆಳಿಗ್ಗೆ ಕರಗಿಸಿದ ಮೇಣ ಉಗುರುಬೆಚ್ಚಗಾದಾಗ ಕೈ ಅದ್ದಬೇಕು. ಮಲಗುವಾಗ ಹಲಗೆಯ ಮೇಲೆ ಕೈ ಇಟ್ಟು ಸಡಿಲವಾಗಿ ಕಟ್ಟಬೇಕು. ಹಗಲು ನಡುಗೆಣ್ಣು ಹಿಂದಕ್ಕೆ ಬಾಗದಂತೆ ಏನಾದರೂ ತಡೆ ಇರಬೇಕು.

ಆ ತಡೆಯನ್ನು ಕಬೀರ್ ಮಾಡಿದ. ದಪ್ಪ ತಾಮ್ರದ ತಂತಿಯಲ್ಲಿ ಎರಡೆರಡು ಉಂಗುರ ಬೆಸೆದು, ಒಂದು ಗೆಣ್ಣಿನ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬರುವಂತೆ ತೊಡಿಸಿದ. ಮೊದಲು ಒತ್ತಿ ಗಾಯವಾಯಿತು. ಅರ ಹಾಕಿ ಉಜ್ಜಿದ, ಮತ್ತೆ ಬಗ್ಗಿಸಿದ, ಐದನೇ ಸಲಕ್ಕೆ ಸರಿಹೋಯಿತು. ಬೆರಳು ಮುಂದಕ್ಕೆ ಮಡಿಸಬಹುದು, ಹಿಂದಕ್ಕೆ ಕುಸಿಯುವುದಿಲ್ಲ. ಎಂಟು ತಿಂಗಳು ಬಿಡದೆ ಮಾಡಿದ ಮೇಲೆ ಹುಣ್ಣು ಮಾಯ್ದು, ಬೆರಳಿಗೆ ಹಿಡಿತ ಬಂತು. ಸೊಟ್ಟ ಹಾಗೇ ಉಳಿಯಿತು.

ನಮ್ಮ ಅತ್ತಿಗೆ ಚಿಕ್ಕಬೋರಮ್ಮನ ಬಸಿರಿಗೆ ಬಳೆ ತೊಡಿಸುವ ದಿನ ಜಾನ್ ಬೀ ಗಂಟು ಹೊತ್ತು ಬಂದಳು. ನಮ್ಮದು ಊರಿಗೆ ದೊಡ್ಡ ಮನೆ. ಇಲ್ಲಿ ಕೈ ಕೊಟ್ಟರೆ ಊರೆಲ್ಲ ಕೊಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಚೀಟಿಯನ್ನು ನನ್ನ ಕೈಗಿತ್ತು ಓದಿಸಿದಳು. ನಾನು ನಾಲ್ಕನೇ ಕ್ಲಾಸು ಓದಿದವಳು, ಗಟ್ಟಿಯಾಗಿ, ಎರಡು ಸಲ ಓದಿದೆ. ನಮ್ಮವ್ವ ಚಿಕ್ಕನಂಜಮ್ಮ ಕೇಳಿ ತಲೆಯಾಡಿಸಿದಳು. ಜಾನ್ ಬೀ ಅತ್ತಿಗೆಯ ಎರಡು ಕೈಗೂ ಹಸಿರು ಬಳೆ ಏರಿಸಿದಳು, ಒಂದೂ ಒಡೆಯಲಿಲ್ಲ. ಪದ್ಧತಿಯಂತೆ ಅತ್ತಿಗೆ ಬಳೆಗಾರ್ತಿಗೆ ನಮಸ್ಕಾರ ಮಾಡಿದಳು. ಅವ್ವ ನಗುನಗುತ್ತಾ ಮೊರದ ತುಂಬ ಅಕ್ಕಿ ಕೊಟ್ಟಳು. ಆ ನಗು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಜಾನ್ ಬೀ ಇನ್ನೂ ಅಕ್ಕಿ ಗಂಟು ಕಟ್ಟುತ್ತಿರುವಾಗಲೇ ಅವ್ವ ಅತ್ತಿಗೆಯನ್ನು ಹಿತ್ತಲಿಗೆ ಎಳೆದೊಯ್ದಳು. ಸೀಗೆಪುಡಿ, ಅರಿಸಿನ ಎಲ್ಲ ಮೊದಲೇ ತಂದಿಟ್ಟಿದ್ದಳು. ಮೊಳಕೈವರೆಗೆ ತಿಕ್ಕಿದಳು, ಹೊಸ ಬಳೆಯ ಸಂದುಸಂದನ್ನೂ ತಿಕ್ಕಿದಳು. ಬಿಸಿನೀರು ಹುಯ್ಯುತ್ತಿದ್ದವಳು ನಾನು. ಪಕ್ಕದ ಮನೆಗೆ ಹಿತ್ತಲಿಂದಲೇ ಹೋಗುವುದು ಜಾನ್ ಬೀಯ ರೂಢಿ. ಬಾಗಿಲಲ್ಲಿ ಬಂದು ನಿಂತವಳು ನೋಡಿದಳು.

"ನಂಜಕ್ಕ, ಇಪ್ಪತ್ತು ವರ್ಸ ನಿಮ್ಮೆಲ್ರ ಕೈಯ ಮಡ್ಲಲ್ಲಿ ಮಡಿಕಂಡಿದ್ದೀನಿ. ಸಗಣಿ ಬಾಚಿದ ಕೈ, ಕಜ್ಜಿ ಕೀವು ಸೋರೋ ಕೈ. ಒಂದು ದಿನಾನಾದ್ರೂ ನಿಮ್ಮ ಬಾಗ್ಲಲ್ಲಿ ನಾನು ಕೈ ತೊಳ್ಕಂಡಿದ್ನೇನವ್ವ?"

ಅವ್ವ ತಿಕ್ಕುತ್ತಲೇ ಇದ್ದಳು. ಅತ್ತಿಗೆ ಅಳುತ್ತಿದ್ದಳು. ನನ್ನ ಕೈ ನಿಂತಿತ್ತು.

"ಸುಮ್ಕೆ ಯಾಕ್ ನಿಂತ್ಕಂಡೆ? ಉಯ್ಯಿ" ಅಂದಳು ಅವ್ವ.

ಥೂ ನನ್ನ ಜನ್ಮಕ್ಕೆ. ಜಾನ್ ಬೀ ನೋಡುತ್ತಿದ್ದ ಹಾಗೆಯೇ ನಾನು ಹುಯ್ದೆ.