ಹುಣಸೆಹಣ್ಣು ನುಂಗಿದ ನಂಬರು

ನಮ್ಮ ಮನೆಗೆ ಮೋಟಾರು ಬಂದದ್ದು ಎತ್ತಿನ ಬಂಡಿಯ ಮೇಲೆ. ನಗಬೇಡಿ. ಆಗ ನಾನೂ ನಕ್ಕವಳೇ.

ನಮ್ಮವರು ಆದವಾನಿ ಕಡೆಯವರು. ತುಂಗಭದ್ರೆಯ ಆಚೆ ಇಂಗ್ರೇಜರ ಸೀಮೆ, ಈಚೆ ನಿಜಾಮರ ಸೀಮೆ. ಮಾನ್ವಿಯಲ್ಲಿ ಮಾಸ್ತರಿಕೆ ಸಿಕ್ಕಿತೆಂದು ತಾಯಿಯನ್ನೂ ನನ್ನನ್ನೂ ಕರೆದುಕೊಂಡು ಈಚೆಗೆ ಬಂದರು. ಮನೆ ಬದಲಿಸುವಾಗ ಬೇರೆಯವರು ಕೊಪ್ಪರಿಗೆ, ಹಂಡೆ ತರುತ್ತಾರೆ. ಇವರು ಒಂದು ಹಾಳು ಮೋಟಾರನ್ನು ತಂದರು. ಆದವಾನಿಯ ಹತ್ತಿ ಗಿರಣಿಯೊಂದರ ಹಿಂದೆ ಬಿದ್ದಿದ್ದ ಗಾಡಿ ಅದು, ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಜಾಗ ಖಾಲಿಯಾದರೆ ಸಾಕೆಂದು ಗಿರಣಿಯ ಸಾಹುಕಾರ ಕಾಗದ ಬರೆದು ಕೊಟ್ಟಿದ್ದ. ಅದನ್ನು ಬಿಚ್ಚಿ, ರಾಯಚೂರಿನವರೆಗೆ ರೈಲಿನ ಸಾಮಾನು ಡಬ್ಬಿಯಲ್ಲಿ, ಅಲ್ಲಿಂದ ಮಾನ್ವಿಗೆ ಬಂಡಿಯಲ್ಲಿ ತಂದದ್ದಾಯಿತು. ಸುಂಕದ ನಾಕಾದವರು ಇದು ಗಾಡಿಯೋ ಗುಜರಿಯೋ ಎಂದು ತಮ್ಮತಮ್ಮಲ್ಲೇ ಜಗಳಾಡಿ ಕೊನೆಗೆ ಗುಜರಿ ಎಂದು ಬಿಟ್ಟರು. ನಮ್ಮವರಿಗೆ ಅದೇ ದೊಡ್ಡ ಅವಮಾನವಾಗಿತ್ತು.

ಶಾಲೆ ಬಿಟ್ಟ ಮೇಲೆ ದಿನಾ ಸಂಜೆ ದನದ ಕೊಟ್ಟಿಗೆಯಲ್ಲಿ ಅವರದು ಅದೇ ಕೆಲಸ. ಮುರಿದ ಚೌಕಟ್ಟಿಗೆ ಬದಲು ಯಾವುದೋ ಲಾರಿಯ ಚೌಕಟ್ಟು ಬಂತು. ಕಂಬಾರರಿಂದ ಕೀಲು, ಚಮ್ಮಾರರಿಂದ ಪಟ್ಟಿ. ಹಾರ್ನಿನ ರಬ್ಬರು ಹರಿದಿತ್ತು, ಅದಕ್ಕೆ ತೊಗಲು ಕಟ್ಟಿಸಿದರು. ಒತ್ತಿದರೆ ಎಳೆಗರು ಕೂಗಿದ ಹಾಗೆ ಕೇಳುತ್ತಿತ್ತು. ಆ ದನಿ ಓಣಿಗೆಲ್ಲ ಗುರುತು. ವರ್ಷಗಟ್ಟಲೆ ನಡೆದ ಆ ಕೆಲಸ ನೋಡಿ ನನ್ನ ಮೈ ಉರಿದದ್ದುಂಟು. "ಅಲ್ರೀ, ಇದಕ್ಕ ಕೊಡೋ ಲಕ್ಷ್ಯ ನನಗ ಕೊಟ್ಟಿದ್ರ ನಾನೂ ಓಡ್ತಿದ್ದೆ" ಎನ್ನುತ್ತಿದ್ದೆ. ಅವರು ಮೂಗಿನ ಮೇಲಿನ ಎಣ್ಣೆ ಒರೆಸಿಕೊಂಡು ನಗುತ್ತಿದ್ದರು.

ಗಾಡಿಗೆ ಒಂದು ಹಿತ್ತಾಳೆ ತಗಡಿತ್ತು, ಅಂಗೈಯಷ್ಟು. ಅದರ ಮೇಲೆ ಗಾಡಿಯ ನಂಬರು ಕೆತ್ತಿತ್ತು. ಬಂದ ದಿನವೇ ಅವರು ಅದನ್ನು ಬಿಚ್ಚಿ ತಾಯಿಯ ಕೈಗೆ ಕೊಟ್ಟು, "ಅವ್ವಾ, ಇದನ್ನ ಜ್ವಾಪಾನ ಮಾಡು. ಇದು ಹೋದ್ರ ಗಾಡಿನ ಹೋದಂಗ" ಎಂದರು. ಅತ್ತೆಗೆ ಜೋಪಾನದ ಜಾಗ ಒಂದೇ ಗೊತ್ತಿತ್ತು, ದೇವರ ಮನೆ. ನಮ್ಮದು ಮಡಿಯ ಮನೆತನ. ದೇವರ ಮನೆಯೊಳಗೆ ಹೋದ ಹಿತ್ತಾಳೆ ಕಿಲುಬು ಹಿಡಿದು ಕೂರುವ ಮಾತೇ ಇಲ್ಲ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಅತ್ತೆ ದಿನಾ ಬೆಳಗ್ಗೆ ಗಂಟೆ, ಆರತಿ, ಹರಿವಾಣಗಳ ಜೊತೆ ಅದನ್ನೂ ತಿಕ್ಕಿ ತೊಳೆದು ಗೂಡಿನಲ್ಲಿ ಇಡುತ್ತಿದ್ದರು. ಅದು ಫಳಫಳ ಹೊಳೆಯುವುದನ್ನು ನಾವೆಲ್ಲರೂ ನೋಡಿದೆವು. ನಂಬರು ಇದೆಯೇ ಎಂದು ಒಬ್ಬರೂ ನೋಡಲಿಲ್ಲ.

ನನಗೆ ಒಬ್ಬಳೇ ತಂಗಿ. ದೇವದುರ್ಗದಲ್ಲಿ ಗುಡಿ ಪೂಜೆಯ ಮನೆಗೆ ಕೊಟ್ಟಿದ್ದರು. ಅವಳ ಚೊಚ್ಚಲ ಹೆರಿಗೆ ಬಂಡಿಯಲ್ಲೇ ಹಾಳಾಗಿ ಹೋಗಿತ್ತು. ಕೂಸು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ರಾಯಚೂರಿನ ಡಾಕ್ಟರಮ್ಮ ನನ್ನ ಮುಂದೆಯೇ ಖಡಾಖಂಡಿತ ಹೇಳಿದ್ದರು, ಇನ್ನೊಮ್ಮೆ ಬಸಿರಾದರೆ ನೋವು ಶುರುವಾದ ಕೂಡಲೇ ಇಲ್ಲಿಗೆ ತರಬೇಕು, ತಡವಾದರೆ ತಾಯಿಯೂ ದಕ್ಕುವುದಿಲ್ಲ ಎಂದು. ಮತ್ತೆ ಬಸಿರಾದಾಗ ಅವಳು ಮಾನ್ವಿಗೆ ಬಂದು ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಭಾವಾ, ನಿಮ್ಮ ಗಾಡಿ ನನ್ನ ಹೆರಿಗಿಗೆ ತಯಾರಾಗ್ತದೋ, ನನ್ನ ಮೊಮ್ಮಕ್ಕಳ ಮದುವಿಗೋ?" ಎಂದು ಕೇಳಿದಳು. ಅವಳ ಬಾಯಿ ಹಾಗೇ. ನಮ್ಮವರು ನಗಲಿಲ್ಲ. "ನಿನ್ನ ಹೆರಿಗಿಗೆನ ತಂಗೀ. ಹೇಳಿ ಕಳಸು, ಗಾಡಿ ನಿನ್ನ ಬಾಗಲಿಗೆ ಬರ್ತದ" ಎಂದರು. ಹಿಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂದು ಅವಳೇ ತನ್ನ ಹಳೆಯ ಸೀರೆಗಳನ್ನು ಸೇರಿಸಿ ಒಂದು ಕೌದಿ ಹೊಲಿದು ಹಾಸಿದಳು. ಹಸಿರು ತುಂಡು, ಕೆಂಪು ತುಂಡು, ನಡುವೆ ಅವಳ ಮದುವೆ ಸೀರೆಯ ಹಳದಿ ಅಂಚು.

ಗಾಡಿ ಓಡಿದ್ದು ಇಂಗ್ರೇಜರು ಹೋದ ಮರುವರ್ಷದ ಬೇಸಿಗೆಯಲ್ಲಿ. ಅವರು ಬಿಟ್ಟು ಹೋದದ್ದು ನದಿಯ ಆಚೆಯ ಸೀಮೆಯನ್ನು. ಈಚೆ ನಮ್ಮಲ್ಲಿ ಏನಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಓಣಿಯಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗಿತು. ನಿನ್ನೆ ಉಪ್ಪಿನಕಾಯಿ ಕೇಳಲು ಬಂದವಳು ಇಂದು ಇಲ್ಲ. ಕೇಳಿದರೆ "ಹೊಳಿ ದಾಟಿದ್ರಂತ" ಎಂದು ಪಿಸುಮಾತು. ಬಸ್ಸು ಒಂದು ದಿನ ಬಂದರೆ ಎರಡು ದಿನ ಇಲ್ಲ. ಚಾವಡಿಯ ಕಟ್ಟೆಯ ಮೇಲೆ ನಿಜಾಮರ ಕಡೆಯೆಂದು ಬಂದೂಕು ಹಿಡಿದ ಹೊಸ ಮುಖಗಳು ಕೂತಿರುತ್ತಿದ್ದವು. ನೀರಿಗೆ ಹೋಗುವಾಗ ನಾವು ಕೊಡದ ಮೇಲೆ ಕೊಡ ಇಟ್ಟು ಮುಖ ಮರೆಮಾಡಿಕೊಂಡು ಸರಸರ ನಡೆಯುತ್ತಿದ್ದೆವು. ನನಗೆ ಅಂಜಿಕೆಯಾಗುತ್ತಿತ್ತು, ಬಾಯಿ ಬಿಟ್ಟೇ ಹೇಳುತ್ತೇನೆ, ಹಗಲು ಹೊತ್ತಿನಲ್ಲೇ ಅಂಜಿಕೆಯಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮವರ ತಲೆಯಲ್ಲಿ ಒಂದೇ ಹುಳ, ಗಾಡಿಗೆ ಈ ಸೀಮೆಯ ನಂಬರು ಹಚ್ಚಿಸಬೇಕು. ನಂಬರಿಲ್ಲದ ಗಾಡಿಯನ್ನು ರಸ್ತೆಗೆ ಬಿಡುವುದು ಕಾನೂನಿಗೆ ವಿರುದ್ಧ. "ನಾನು ಮಕ್ಕಳಿಗೆ ಪಾಠ ಹೇಳೋ ಮನುಷ್ಯ. ಕಳ್ಳನಂಗ ಗಾಡಿ ಹೊಡೀಲೇನು?" ಎಂದರು. ಹಳೆಯ ನಂಬರು ತೋರಿಸಿದರೇ ಹೊಸದು ಕೊಡುವುದೆಂದು ತಗಡನ್ನು ಅದರ ಜಾಗಕ್ಕೆ ಕೂರಿಸಿ, ಕಾಗದ ಹಿಡಿದು, ರಾಯಚೂರಿಗೆ ಹೊರಟರು. ತಂಗಿಯ ಸಲುವಾಗಿ ಡಾಕ್ಟರಮ್ಮನನ್ನು ಕಾಣಬೇಕೆಂದು ನಾನೂ ಹತ್ತಿದೆ.

ಮೋಟಾರು ಕಚೇರಿ ಊರಿನ ಕೋಟೆಯ ಹತ್ತಿರ. ತಪಾಸಣೆಯ ಅಧಿಕಾರಿ ವಯಸ್ಸಾದವರು, ತೆಳ್ಳಗಿನ ಬಿಳಿ ಗಡ್ಡ, ಮಾತು ಬಲು ಮೆತ್ತಗೆ. ಕಾಗದ ಓದಿದರು, ಅದರಲ್ಲಿ ನಂಬರು ಬರೆದಿರಲಿಲ್ಲ. ಬಾಗಿ ತಗಡು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಬೆರಳಾಡಿಸಿದರು.

"ಮಾಸ್ತರ್ ಸಾಬ್, ಇದರಾಗ ನನ್ನ ಗಡ್ಡ ಚೊಲೋ ಕಾಣ್ತದ. ನಂಬರ್ ಎಲ್ಲದರಿ?"

ನಮ್ಮವರು ಬಾಗಿದರು, ನಾನೂ ಬಾಗಿದೆ. ತಗಡು ನುಣ್ಣಗೆ ಕನ್ನಡಿಯಾಗಿತ್ತು. ಒಂದು ಅಂಕಿಯಿಲ್ಲ. ನನಗೆ ತಟ್ಟನೆ ಅತ್ತೆಯ ಹುಣಸೆಹಣ್ಣಿನ ಮುದ್ದೆ ಕಣ್ಣ ಮುಂದೆ ಬಂತು. ಅಯ್ಯೋ ರಾಯರೇ! ನಗು ಉಕ್ಕಿತು, ಸೆರಗು ಬಾಯಿಗಿಟ್ಟುಕೊಂಡೆ. ನಮ್ಮವರು ಕಿವಿಯವರೆಗೆ ಕೆಂಪಾಗಿ ವಿಷಯ ಹೇಳಿದರು. ಆ ಹಿರಿಯರು ನಗಲಿಲ್ಲ. ಕಿಟಕಿಯ ಹೊರಗೆ ನೋಡಿದರು. ಅಂಗಳದಲ್ಲಿ ಬೇವಿನ ಮರದ ಕೆಳಗೆ ಐದಾರು ಮೋಟಾರುಗಳು ಸಾಲಾಗಿ ನಿಂತಿದ್ದವು, ಯಾರ್‍ಯಾರದೋ. ಒಂದರ ಬಾಗಿಲ ಮೇಲೆ ಇನ್ನೂ ಮದುವೆಯ ಬಾಳೆ ಕಟ್ಟಿತ್ತು, ಒಣಗಿ ಹೋಗಿತ್ತು. ಮಾಲೀಕರೊಬ್ಬರೂ ಕಾಣಲಿಲ್ಲ.

"ನಿಮ್ಮ ಅಮ್ಮಾಜಾನ್ ಚೊಲೋ ಕೆಲಸ ಮಾಡ್ಯಾರ" ಎಂದರು ಅವರು, ದನಿ ತಗ್ಗಿಸಿ. "ನಂಬರ್ ಇಲ್ಲದ್ದು ಗಾಡಿನ ಅಲ್ಲ, ಗುಜರಿ. ಗುಜರಿ ಯಾರಿಗೂ ಬ್ಯಾಡ. ಒಯ್ರಿ. ಕಣಿಕಿ ಬಣವಿ ಹಿಂದ ನಿಲ್ಲಸ್ರಿ. ದಿನಮಾನ ನೆಟ್ಟಗಾದ ಮ್ಯಾಲ ಬರ್ರಿ, ನಾನ ಹಚ್ಚಿ ಕೊಡ್ತೀನಿ."

ಬೇವಿನ ಮರದ ಕೆಳಗಿನ ಗಾಡಿಗಳನ್ನು ಜನರಿಂದ ಕಸಿದು ತಂದಿದ್ದಾರೆಂದು ನನಗೆ ಆ ಕ್ಷಣ ತಿಳಿಯಿತು. ನಮ್ಮವರಿಗೆ? ತಿಳಿದರೆ ತಾನೇ! ಗುಜರಿ ಎಂಬ ಮಾತೊಂದೇ ಅವರ ಕಿವಿಗೆ ಬಿದ್ದಿತ್ತು.

ದಾರಿಯುದ್ದಕ್ಕೂ ಜಗಳವಾಡಿದೆ. "ಆ ಮುದುಕರು ನಮ್ಮ ಒಳ್ಳೇದಕ್ಕ ಹೇಳಿದ್ರು. ಗಾಡಿ ಮುಚ್ಚಿ ಇಡ್ರಿ. ತಂಗಿಗೆ ನೋವು ಬಂದ ದಿನ ಒಂದೇ ದಿನ ಹೊರಗ ತಗೀರಿ. ಆಮ್ಯಾಲ ಸುಟ್ಟು ಹಾಕ್ರಿ ಬೇಕಾದ್ರ" ಎಂದೆ. "ಹಾದ್ಯಾಗ ನಾಕಾದವರು ನಂಬರ್ ಇಲ್ಲಂತ ತಡದ್ರ? ನಿನ್ನ ತಂಗಿ ರಸ್ತ್ಯಾಗ ಬಿದ್ದಿರಬೇಕೇನು?" ಎಂದರು ಅವರು. ಅವರ ಮಾತಿನಲ್ಲೂ ಹುರುಳಿತ್ತು, ಅದೇ ನನ್ನ ಸಂಕಟ. ಮನೆಗೆ ಬಂದರೆ ಅತ್ತೆ, "ನಾ ಏನ್ ಮಾಡಿದೆನಪಾ? ದೇವರ ಗೂಡಿನ್ಯಾಗ ಕಿಲುಬು ಇಡಲೇನು?" ಎಂದು ತಮ್ಮ ಪಟ್ಟು ಹಿಡಿದು ಕೂತರು.

ನಮ್ಮವರು ಬಿಡಲಿಲ್ಲ. ಮತ್ತೆ ಮತ್ತೆ ರಾಯಚೂರಿಗೆ ಹೋದರು, ಮೇಲಿನ ಸಾಹೇಬರವರೆಗೆ ಅರ್ಜಿ ಒಯ್ದರು. ಕೊನೆಗೆ ಮೇಲಿನಿಂದಲೇ ಹುಕುಂ ಬಂತು. ಆ ಹಿರಿಯರು ಉಳಿ ಸುತ್ತಿಗೆ ತರಿಸಿ ಲಾರಿಯ ಚೌಕಟ್ಟಿನ ಮೇಲೆ ಹೊಸ ನಂಬರು ಹೊಡೆಸಿಕೊಟ್ಟರಂತೆ. ತಗಡನ್ನು ಬಿಚ್ಚಿ ನಮ್ಮವರ ಕೈಗಿಟ್ಟು, "ಅಮ್ಮಾಜಾನ್‌ಗೆ ಕೊಡ್ರಿ" ಎಂದಷ್ಟೇ ಹೇಳಿದರಂತೆ. ನಮ್ಮವರು ಮನೆಗೆ ಬಂದು ಕರಿ ಹಲಗೆಯ ಮೇಲೆ ಬಿಳಿ ಬಣ್ಣದಿಂದ ತಾವೇ ನಂಬರು ಬರೆದರು. ಶಾಲೆಯ ಬೋರ್ಡಿನ ಮೇಲೆ ಬರೆಯುವ ಅದೇ ದುಂಡನೆಯ ಅಕ್ಷರ. ಅತ್ತೆ ಆರತಿ ಬೆಳಗಿದರು. ನಾನು ಅಡುಗೆ ಮನೆಯಿಂದ ಹೊರಗೇ ಬರಲಿಲ್ಲ.

ಆ ಬಣ್ಣದ ವಾಸನೆ ಹೋಗುವ ಮೊದಲೇ ಡಂಗುರ ಹೊಡೆದರು. ನಂಬರಿರುವ ಮೋಟಾರುಗಳನ್ನೆಲ್ಲ ಚಾವಡಿಯ ಮುಂದೆ ತಂದು ನಿಲ್ಲಿಸಬೇಕು. ಕಚೇರಿಯ ನಂಬರುಗಳ ಯಾದಿ ಬಂದೂಕಿನವರ ಕೈಯಲ್ಲಿದೆ, ತಪ್ಪಿಸಿದವರನ್ನು ಬಿಡುವುದಿಲ್ಲ. ಮಾನ್ವಿಯಲ್ಲಿ ಎಷ್ಟು ಮೋಟಾರಿದ್ದಾವು! ನಮ್ಮ ಬಾಗಿಲ ಮುಂದೆ ಡಂಗುರದವನು ನಿಂತೇ ಹೊಡೆದ.

"ಬರೇ ತಪಾಸಣಿ ಇರಬೇಕು" ಎಂದು ನಮ್ಮವರು ತಾವೇ ಗಾಡಿ ಹೊಡೆದುಕೊಂಡು ಹೋದರು. ನಡೆದುಕೊಂಡು ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಾನು ಏನೂ ಅನ್ನಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ, ಆದರೂ ಬಾಯಿಗೆ ಬಂತು. "ಕೌದಿನಾದ್ರೂ ತರಬಾರದೇನ್ರಿ?"

"ಕೇಳಿದೆ. ಕೊಡಲಿಲ್ಲ" ಎಂದರು.

ಇನ್ನು ಕಾಯುವಂತಿರಲಿಲ್ಲ. ತಂಗಿಗೆ ದಿನ ತುಂಬುತ್ತಿತ್ತು, ಮುಂಗಾರಿನ ಮಿರಗದ ಮಳೆ ಬಿದ್ದರೆ ಎರೆಮಣ್ಣಿನ ದಾರಿಯಲ್ಲಿ ಬಂಡಿಯೂ ಹೋಗದು. ಅವಳನ್ನು ಮೊದಲೇ ರಾಯಚೂರಿಗೆ ಒಯ್ದು ಯಾವುದಾದರೂ ಛತ್ರದಲ್ಲಿ ಇರಿಸಿಕೊಳ್ಳೋಣವೆಂದು ಸವಾರಿ ಬಂಡಿ ಗೊತ್ತುಮಾಡಿ ನಾವಿಬ್ಬರೂ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆವು. ಮುಟ್ಟಿದ ಮರುದಿನ ಬೆಳಗ್ಗೆ ಹೊರಡಬೇಕು ಎನ್ನುವಷ್ಟರಲ್ಲಿ ಅವಳಿಗೆ ನೋವು ಶುರುವಾಯಿತು. ದಿನಕ್ಕೆ ಮುಂಚೆಯೇ.

ಬಂಡಿ ಕಂಡ ಕೂಡಲೇ ಅವಳ ಮುಖ ಬಿಳಿಚಿತು. ಹಿಂದಿನ ಸಲದ್ದು ನೆನಪಾಗಿರಬೇಕು. ಬಾಗಿಲ ಚೌಕಟ್ಟು ಹಿಡಿದು, "ಬಂಡ್ಯಾಗ ನಾ ಒಲ್ಲೆ. ಭಾವಾ, ಗಾಡಿ ಎಲ್ಲಿ?" ಎಂದಳು. ನಮ್ಮವರು ಎಷ್ಟು ನೆಟ್ಟಗೆ ಹೇಳಿದರು! "ರಿಪೇರಿಗೆ ಬಿಟ್ಟೀನಿ ತಂಗೀ. ಗಬ್ಬೂರ ಹತ್ರ ನಮಗ ಬಂದು ಕೂಡ್ತದ. ಅಲ್ಲಿತನಾ ಅಷ್ಟ ಬಂಡಿ." ಜೀವಮಾನದಲ್ಲಿ ಸುಳ್ಳು ಆಡದ ಮನುಷ್ಯ. ಅವಳು ನಂಬಿದಳು.

ಬಂಡಿಯೊಳಗೆ ಅವಳ ತಲೆ ನನ್ನ ತೊಡೆಯ ಮೇಲೆ. ಅವಳ ಗಂಡ ಮುಂದೆ, ನಮ್ಮವರು ಹಿಂದೆ ನಡೆದು ಬರುತ್ತಿದ್ದರು. ಹೊಲಗಳು ಖಾಲಿ. ಎದುರಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ದೂರದಲ್ಲಿ ಯಾವುದೋ ಹಳ್ಳಿಯ ಮೇಲೆ ಹೊಗೆ ಎದ್ದಿತ್ತು. ಅದು ಒಲೆಯ ಹೊಗೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಂಡಿಯವನು ಎತ್ತಿನ ಕೊರಳ ಗೆಜ್ಜೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. "ಸಪ್ಪಳ ಬ್ಯಾಡ್ರಿ ಯವ್ವಾ, ದಿನಮಾನ ನೆಟ್ಟಗಿಲ್ಲ. ನೋಡ್ಕೋತ ಹೊಡ್ಯಾಕತ್ತೀನಿ" ಎಂದ. ತಂಗಿ ಪ್ರತಿ ಕುಲುಕಿಗೂ ನನ್ನ ಕೈ ಹಿಂಡುತ್ತಿದ್ದಳು. ನೋವಿನ ನಡುವೆ ಒಂದೇ ಕೇಳುತ್ತಿದ್ದಳು. "ಗಬ್ಬೂರ ಬಂತೇನಕ್ಕಾ?"

ಗಬ್ಬೂರು ಇನ್ನೂ ದೂರವಿರುವಾಗಲೇ ಆ ದನಿ ಕೇಳಿತು. ಎಳೆಗರು ಕೂಗಿದ ಹಾಗೆ. ಮತ್ತೊಮ್ಮೆ. ಮತ್ತೊಮ್ಮೆ. ತಂಗಿಯ ಹಿಡಿತ ಸಡಿಲಿತು. ಮುಖ ಹೇಗೆ ಅರಳಿತೆಂದರೆ, ಮದುವೆಯ ದಿನ ಕೂಡ ನಾನು ಅವಳ ಮುಖ ಹಾಗೆ ಕಂಡಿರಲಿಲ್ಲ.

"ಬಂತಲ್ಲ ಅಕ್ಕಾ! ಗಾಡಿ ಬಂತಲ್ಲ!"

ಬಂಡಿಯವನು ಹೆದರಿ ಎತ್ತುಗಳನ್ನು ರಸ್ತೆಯಿಂದ ಕೆಳಗೆ ಹೊಲಕ್ಕೆ ಇಳಿಸಿಬಿಟ್ಟ. ಬಂಡಿ ವಾಲಿತು. ಧೂಳು ಎಬ್ಬಿಸಿಕೊಂಡು ನಮ್ಮ ಗಾಡಿ ಬಂತು. ಒಳಗೂ ಹೊರಗೂ ಜನ, ಬಂದೂಕುಗಳು ಮುಗಿಲಿಗೆ ಮುಖ ಮಾಡಿದ್ದವು. ಹಿಂದಿನ ಸೀಟಿನ ಕಿಟಕಿಯಿಂದ ಕೌದಿಯ ಹಳದಿ ಅಂಚು ಹೊರಗೆ ಜೋತು ಬಿದ್ದಿತ್ತು. ಮುಂದಿನ ಹಲಗೆಯ ಮೇಲೆ ನಮ್ಮವರ ದುಂಡನೆಯ ಅಂಕಿಗಳು ಸ್ಪಷ್ಟವಾಗಿದ್ದವು. ನಮ್ಮವರು ರಸ್ತೆಯ ಅಂಚಿನಲ್ಲಿ ಕೈ ಎತ್ತಿ ನಿಂತಿದ್ದರು. ತಡೆಯಲೋ, ಬೇಡಲೋ, ನನಗೆ ಇವತ್ತಿಗೂ ತಿಳಿಯದು. ಗಾಡಿ ನಿಲ್ಲಲಿಲ್ಲ, ದೇವದುರ್ಗದ ಕಡೆಗೆ ಹೋಯಿತು.

ಬಂಡಿಗೆ ಮುಂದೆ ಹಿಂದೆ ಪರದೆ ಕಟ್ಟಿದ್ದೆವು, ನಾನು ಅದರ ಸಂದಿಯಿಂದ ಇದನ್ನೆಲ್ಲ ಕಂಡದ್ದು. ಮಲಗಿದ್ದ ತಂಗಿಗೆ ಏನೂ ಕಾಣಲಿಲ್ಲ. "ಭಾವ ಎಲ್ಲಿ? ನನ್ನ ಎತ್ತಿ ಕೂಡಸ್ರಿ" ಎಂದಳು. ವಾಲಿದ ಬಂಡಿಯನ್ನು ರಸ್ತೆಗೆ ಏರಿಸಲು ಗಂಡಸರು ಮೂವರೂ ಹೆಗಲು ಕೊಟ್ಟರು. ಬಂಡಿ ಎದ್ದಾಗ ಅವಳೂ ಎದ್ದ ಹಾಗಾಯಿತು. ತನ್ನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರೆಂದು ತಿಳಿದಳೋ ಏನೋ. ಕಣ್ಣು ಮುಚ್ಚಿದಳು, ಅಂಗೈಯಿಂದ ಕೆಳಗಿನ ಹಾಸಿಗೆ ತಡವಿದಳು.

"ನನ್ನ ಕೌದಿ ಹಾಸೀರೇನು?"

"ಹಾಸೇವವ್ವಾ."

ಹೊರಗೆ ನಮ್ಮವರು ಪರದೆಯ ಹಿಂದೆಯೇ ನಡೆಯುತ್ತಿದ್ದರು. ಅವರಿಗೆ ಎಲ್ಲ ಕೇಳುತ್ತಿತ್ತು. ಗಬ್ಬೂರಿನ ಗಿಡಗಳು ಕಾಣುವ ಹೊತ್ತಿಗೆ ಅವಳ ಕೈ ತಣ್ಣಗಾಗತೊಡಗಿತ್ತು. ಆಗ ಒಮ್ಮೆ ಕಣ್ಣು ತೆರೆದು, ತನ್ನ ಹಳೆಯ ಹುಡುಗಾಟದ ದನಿಯಲ್ಲಿ, "ಇಷ್ಟ ವರ್ಷ ಬಡಿದು ಬಡಿದು ಭಾವ ಇದೇನ್ ಮಾಡ್ಯಾರಕ್ಕಾ? ಇದೂ ಬಂಡಿಯಂಗನ ಕುಲುಕ್ತದಲ್ಲ" ಎಂದಳು.

ಪರದೆಯ ಆಚೆ ಹೆಜ್ಜೆಯ ಸಪ್ಪಳ ನಿಂತಿತು.

"ರಸ್ತಿ ಕೆಟ್ಟದವ್ವಾ" ಎಂದೆ. "ಗಾಡಿ ಚೊಲೋ ಅದ."